ನೀರುಗಂಟಿಗಳು ಹುರಿದು ತಿಂದ ಬೀಜ

"ಬುದ್ಧೀ, ಸರ್ಕಾರದ ಸಂಬಳ ತಿನ್ನೋನು ಓಟು ಹಾಕ್ಲೇಬೇಕಾ?"

ಕೇಳಿದವನು ತಿಪ್ಪೇಶ. ವಿದ್ಯುತ್ ಕಂಪನಿಯಲ್ಲಿ ಲೈನ್‌ಮ್ಯಾನ್. ಹತ್ತೊಂಬತ್ತು ವರ್ಷದ ನೌಕರಿ. ನೌಕರರ ಸಂಘಕ್ಕೆ ತಾಲ್ಲೂಕು ಕಾರ್ಯದರ್ಶಿ. ಸೋಮವಾರ ಬಂತೆಂದರೆ ಗುಡ್ಡದ ಮೇಲಿನ ಮಠಕ್ಕೆ ಬಂದು ಗುರುಗಳ ಎದುರು ಕೂರುವುದು ಅವನ ಪದ್ಧತಿ. ವಿಧಾನಸಭೆಯ ಚುನಾವಣೆಗೆ ಇನ್ನು ಒಂದು ತಿಂಗಳಿತ್ತು.

"ಯಾಕಪ್ಪ, ಹಾಕಬೇಡ ಅಂದೋರು ಯಾರು?" ಎಂದರು ಗುರುಗಳು.

"ಯಾರೂ ಅಂದಿಲ್ಲ ಬುದ್ಧಿ. ನಾನೇ ಹಾಕಿಲ್ಲ, ಇವತ್ತಿನವರ್ಗೂ. ಈ ಪಕ್ಷದೋನ ಮನೆಗೂ ಕರೆಂಟು ಕೊಡ್ಬೇಕು, ಆ ಪಕ್ಷದೋನ ಮನೆಗೂ ಕೊಡ್ಬೇಕು. ಒಬ್ಬನಿಗೆ ಓಟು ಒತ್ತಿ ಬಂದ ಕೈ ನೆಟ್ಟಗಿರ್ತದಾ? ಅದೂ ಅಲ್ದೆ ಓಟಿನ ದಿನ ನಮಗೆ ಡ್ಯೂಟಿ. ಅಂಚೇಲಿ ಓಟು ಹಾಕೋಕೆ ಫಾರಂ ಕೊಡ್ತಾರೆ, ಅದನ್ನ ಯಾವನು ತುಂಬ್ತಾನೆ? ಯಾರಾದ್ರೂ ಬರ್ಲಿ ಬಿಡಿ. ನಮಗೆ ಸಂಘ ಐತೆ. ಹೆಚ್ಚುಕಮ್ಮಿ ಆದ್ರೆ ಮುಷ್ಕರ ಹೂಡ್ತೀವಿ, ತಾನಾಗೇ ದಾರಿಗೆ ಬರ್ತಾರೆ."

ತಿಪ್ಪೇಶ ಇದನ್ನು ಎದೆ ಉಬ್ಬಿಸಿಯೇ ಹೇಳಿದ. ಗುರುಗಳು ನಕ್ಕರು.

"ನಿನ್ನಂಥೋನೇ ಒಬ್ಬ ಇದ್ದ. ಒಳ್ಳೆ ಮನುಷ್ಯ. ಕೇಳು," ಎಂದು ಕತೆ ಶುರು ಮಾಡಿದರು.

ಒಂದು ಊರು. ಹೆಸರು ಬೇಡ, ಅಲ್ಲೊಂದು ಕೆರೆ ಇತ್ತು ಎಂದರೆ ಸಾಕು. ಏರಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಗೆ ಕೇಳಿಸದಷ್ಟು ದೊಡ್ಡ ಕೆರೆ. ಅದಕ್ಕೆ ಐದು ತೂಬು. ಊರಿನ ಗದ್ದೆಗಳಿಗೆಲ್ಲ ನೀರು ಹೋಗಬೇಕಾದರೆ ಈ ಐದು ತೂಬುಗಳಿಂದಲೇ ಹೋಗಬೇಕು.

ತೂಬು ತೆರೆಯುವುದೆಂದರೆ ಈಗಿನ ಹಾಗೆ ದಡದ ಮೇಲೆ ನಿಂತು ಚಕ್ರ ತಿರುಗಿಸುವ ಕೆಲಸವಲ್ಲ. ತೂಬಿನ ಬಾಯಿ ನೀರಿನ ತಳದಲ್ಲಿರುತ್ತಿತ್ತು. ಅದಕ್ಕೆ ಮರದ ಬಿರಡೆ ಜಡಿದಿರುತ್ತಿತ್ತು. ನೀರು ಬಿಡುವ ಕೆಲಸದವನಿಗೆ ನೀರುಗಂಟಿ ಎಂದು ಹೆಸರು. ಅವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮುಳುಗಿ, ತಳ ಮುಟ್ಟಿ, ಬಿರಡೆ ಕೀಳಬೇಕು. ಕಿತ್ತ ಕೂಡಲೇ ನೀರು ಆ ಬಾಯಿಗೆ ನುಗ್ಗುತ್ತದೆ. ಪಕ್ಕದಲ್ಲಿದ್ದ ಮನುಷ್ಯನನ್ನೂ ಎಳೆಯುತ್ತದೆ. ಆ ಹೊತ್ತಿಗೆ ದಡದ ಮೇಲಿರುವವನು ಹಗ್ಗ ಜಗ್ಗಿ ಅವನನ್ನು ಈಚೆಗೆ ಸೆಳೆದುಕೊಳ್ಳಬೇಕು. ಒಂದು ಕ್ಷಣ ಮೊದಲು ಸೆಳೆದರೆ ಬಿರಡೆ ಕಿತ್ತಿರುವುದಿಲ್ಲ. ಒಂದು ಕ್ಷಣ ತಡವಾದರೆ ಮನುಷ್ಯ ಉಳಿದಿರುವುದಿಲ್ಲ.

ಹಾಗಾಗಿ ತೂಬಿಗೆ ಇಬ್ಬರು. ಒಬ್ಬ ಮುಳುಗುವವನು, ಒಬ್ಬ ಹಗ್ಗ ಹಿಡಿಯುವವನು. ಹಗ್ಗ ಹಿಡಿಯಲು ಮುಳುಗುವವನ ಹೆಂಡತಿಯ ಒಡಹುಟ್ಟಿದವನನ್ನೇ ಇಡುವುದು ಆ ಜನರ ರೂಢಿ. ಅಕ್ಕನ ತಾಳಿ ತನ್ನ ಅಂಗೈಯಲ್ಲಿದೆ ಎಂದು ತಿಳಿದವನು ಹಗ್ಗ ಬಿಟ್ಟು ಎಲೆ ಅಡಿಕೆ ಹಾಕಿಕೊಳ್ಳಲು ಹೋಗುವುದಿಲ್ಲ ಎಂದು ಅವರ ಹಿರಿಯರು ಯೋಚಿಸಿದ್ದರು. ಹಿರಿಯರು ಎಲ್ಲ ವಿಷಯದಲ್ಲೂ ಜಾಣರಾಗಿರಲಿಲ್ಲ. ಈ ವಿಷಯದಲ್ಲಿ ಜಾಣರಾಗಿದ್ದರು.

ಐದು ತೂಬಿಗೆ ಹತ್ತು ನೀರುಗಂಟಿಗಳು, ಊರ ಅಂಚಿನ ಬೀದಿಯಲ್ಲಿ ಅವರ ಹತ್ತು ಮನೆ. ಅವರದೇ ಒಂದು ಕೂಟ. ಕೂಟಕ್ಕೆ ಹಿರಿಯ ಮೂಡ್ಲಯ್ಯ. ಮೊದಲನೆಯ ತೂಬು ಅವನದು. ಅವನ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮ ಕೆಂಚ. ಐದನೆಯ ತೂಬಿನಲ್ಲಿ ಮುಳುಗುವವನು ಮೂಡ್ಲಯ್ಯನ ಅಳಿಯ, ಅವನ ಹಗ್ಗ ಹಿಡಿಯುವವನು ಮೂಡ್ಲಯ್ಯನ ಮಗ.

ಮೂಡ್ಲಯ್ಯನಿಗೆ ತನ್ನ ಕೆಲಸವೆಂದರೆ ಪ್ರಾಣ. ಅದಕ್ಕಿಂತ ಹೆಚ್ಚಿನದು ತನ್ನ ನಿಯತ್ತು. ಯಾವ ಗದ್ದೆಗೆ ಎಷ್ಟು ಗಳಿಗೆ ನೀರು ಎಂದು ಊರು ಗೊತ್ತುಮಾಡಿತ್ತೋ ಅಷ್ಟು ಗಳಿಗೆ ಬಿಡುತ್ತಿದ್ದ. ಗದ್ದೆಯ ಒಡೆಯ ಕೈಮುಗಿದರೂ ಅಷ್ಟೇ, ಕಣ್ಣು ಕೆಂಪು ಮಾಡಿದರೂ ಅಷ್ಟೇ. ನೀರಿನ ಕಾಲದಲ್ಲಿ ಯಾರ ಮನೆಯಲ್ಲೂ ಊಟ ಮಾಡುತ್ತಿರಲಿಲ್ಲ; ಮಜ್ಜಿಗೆ ಕೊಟ್ಟರೂ ಬೇಡವೆನ್ನುತ್ತಿದ್ದ. ಒಮ್ಮೆ ಸ್ವಂತ ತಂಗಿಯ ಮನೆಯ ಹಬ್ಬಕ್ಕೂ ಹೋಗದೆ ಆಕೆಯ ಕೈಯಲ್ಲಿ ಬೈಸಿಕೊಂಡಿದ್ದ. ಕೂಟದ ಉಳಿದವರೂ ಇವನನ್ನು ನೋಡಿ ಹಾಗೆಯೇ ನಡೆಯುತ್ತಿದ್ದರು. ಊರು ಅವರನ್ನು ಕಣ್ಣು ಮುಚ್ಚಿ ನಂಬಿತ್ತು.

ಆ ಊರಿಗೆ ರಾಜನಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಊರೇ ಒಬ್ಬ ಯಜಮಾನನನ್ನು ಆರಿಸುತ್ತಿತ್ತು. ವಯಸ್ಸಿಗೆ ಬಂದ ಹೆಣ್ಣಿಗೂ ಗಂಡಿಗೂ ಒಂದೊಂದು ಹುಣಸೆ ಬೀಜ. ಚಾವಡಿಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಎರಡು ಮಡಕೆ ಇಡುತ್ತಿದ್ದರು. ನಿನಗೆ ಬೇಕಾದವನ ಮಡಕೆಗೆ ನಿನ್ನ ಬೀಜ ಹಾಕಿ ಬಾ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಕೆರೆ, ದಾರಿ, ಸಂತೆ, ಕಾವಲು, ಎಲ್ಲಕ್ಕೂ ಕಟ್ಟಲೆ ಮಾಡುವವನು ಹಾಗೆ ಬಂದ ಯಜಮಾನ.

ಬೀಜ ಹಂಚುವುದು, ಮಡಕೆ ಕಾಯುವುದು, ಕೊನೆಗೆ ಎಣಿಸುವುದು, ಈ ಮೂರನ್ನೂ ಊರು ನೀರುಗಂಟಿಗಳಿಗೇ ಒಪ್ಪಿಸಿತ್ತು. ಬೇರೆ ಯಾರಿಗೆ ಒಪ್ಪಿಸೀತು? ನೀರಿನಲ್ಲಿ ಮೋಸ ಮಾಡದವರು ಬೀಜದಲ್ಲಿ ಮಾಡುತ್ತಾರೆಯೇ?

ಇಲ್ಲಿ ಮೂಡ್ಲಯ್ಯನ ಅಜ್ಜ ಒಂದು ತಪ್ಪು ಮಾಡಿದ. ಎಲ್ಲರ ಬೀಜ ಕಾಯುವವರು ತಾವೇ ಒಂದು ಮಡಕೆಗೆ ಬೀಜ ಹಾಕಿದರೆ ಹೇಗೆ ಎಂದುಕೊಂಡ. ತನ್ನ ಪಾಲಿನ ಬೀಜವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದ. ಕೂಟದವರೂ ಹಾಗೆಯೇ ಮಾಡಿದರು. ಹೆಂಡಿರು ಮಕ್ಕಳೂ ಅದನ್ನೇ ಕಲಿತರು. ಹಾಕಬೇಡಿ ಎಂದು ಊರು ಹೇಳಿರಲಿಲ್ಲ, ಕಟ್ಟಲೆಯಲ್ಲೂ ಇರಲಿಲ್ಲ. ಇವರು ತಾವಾಗಿಯೇ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ದೊಡ್ಡತನವೆಂದು ತಿಳಿದರು.

ಆಮೇಲೆ ಅದೇ ಒಂದು ಹಬ್ಬವಾಯಿತು. ಎಣಿಕೆ ಮುಗಿದ ಸಂಜೆ ಹತ್ತು ಮನೆಯವರೂ ಮೂಡ್ಲಯ್ಯನ ಅಂಗಳದಲ್ಲಿ ಸೇರುವರು. ಹತ್ತು ಮನೆಗೆ ಸೇರಿ ಬಂದ ಮೂವತ್ತೆಂಟು ಬೀಜಗಳನ್ನು ಓಡಿನಲ್ಲಿ ಹಾಕಿ ಹುರಿಯುವರು. ಸಿಪ್ಪೆ ಬಿಡಿಸಿ, ಬಾಯಿಗೆ ಹಾಕಿಕೊಂಡು, ಕಟುಂ ಕಟುಂ ಎಂದು ಅಗಿಯುತ್ತ, ಊರಿನವರ ಜಗಳಗಳನ್ನು ಆಡಿಕೊಂಡು ನಗುವರು. ಯಾರು ಗೆದ್ದರೆ ಏನು, ಯಾರು ಸೋತರೆ ಏನು, ನಾವು ಎಲ್ಲರಿಗೂ ಬೇಕಾದವರು ಎಂಬ ನಗು ಅದು. ಆ ಸಂಜೆಗಳಲ್ಲಿ ಮೂಡ್ಲಯ್ಯನಿಗೆ ತನ್ನ ಮೇಲೆ ತನಗೇ ತುಂಬ ಅಭಿಮಾನ ಬರುತ್ತಿತ್ತು.

ಒಂದು ವರ್ಷ ಯಜಮಾನಿಕೆಗೆ ಇಬ್ಬರು ನಿಂತರು. ಒಬ್ಬ ಕಬ್ಬು ಬೆಳೆಗಾರ. ಹೆಚ್ಚು ಮಾತಾಡದವನು, ಜಿಪುಣ, ಕೆರೆ ಹೇಗಿದೆಯೋ ಹಾಗೇ ಇರಲಿ ಎನ್ನುವವನು. ಇನ್ನೊಬ್ಬ ಎಣ್ಣೆ ವ್ಯಾಪಾರಿ, ಚುರುಕು ಮನುಷ್ಯ. ಅವನು ಜನರನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಬೆರಳು ಮಾಡಿ ತೋರಿಸಿದ.

"ನೋಡ್ರಪ್ಪ. ಒಬ್ಬ ಮುಳುಗ್ತಾನೆ, ಸರಿ. ಕಷ್ಟದ ಕೆಲಸ, ಕೊಡಾಣ. ಇನ್ನೊಬ್ಬ ಏನ್ ಮಾಡ್ತಾವ್ನೆ? ದಡದಾಗೆ ಕೂತವ್ನೆ. ಕೂತೋನಿಗೂ ಊರೇ ಸಾಕ್ಬೇಕಾ? ನಾನು ಬಂದ್ರೆ ತೂಬಿಗೆ ಒಬ್ಬನೇ."

ಜನ ನೋಡಿದರು. ಏರಿಯ ಮೇಲಿನಿಂದ ನೋಡಿದರೆ ಕಾಣುವುದು ಅಷ್ಟೇ, ಹಗ್ಗ ಹಿಡಿದು ಕೂತ ಒಬ್ಬ ಮನುಷ್ಯ. ನೀರಿನ ಕೆಳಗೆ ಏನಾಗುತ್ತಿದೆ ಎಂದು ಕಂಡವರು ಯಾರು? ಮಾತು ಹಲವರಿಗೆ ಸರಿಯೆನಿಸಿತು.

ಕೆಂಚ ಭಾವನ ಹತ್ತಿರ ಓಡಿಬಂದ.

"ಭಾವ, ಈ ಸಲ ಬೀಜ ಹುರಿಯೋದು ಬ್ಯಾಡ. ಹಾಕಾಣ."

"ಬಾಯಿ ಮುಚ್ಚೋ. ಮೂರು ತಲೆಯಿಂದ ಇಲ್ದಿದ್ದು ಈಗೇನು? ನಾವು ಒಂದು ಕಡೆ ವಾಲಿದ್ವಿ ಅಂದ್ರೆ ನಾಳೆ ಊರು ನಮ್ಮನ್ನ ನಂಬ್ತದಾ?"

"ಹಗ್ಗ ತೆಗೀತೀನಿ ಅಂತವ್ನಲ್ಲ ಭಾವ!"

"ತೆಗೀಲಿ ನೋಡಾಣ. ಹತ್ತು ಜನ ಚಾವಡಿ ಮುಂದೆ ಹೋಗಿ ಕೂತ್ರೆ ಅವನೇ ಬಂದು ಕಾಲು ಹಿಡೀತಾನೆ. ಕೂಟ ಇರೋದು ಯಾಕೆ?"

ಮಡಕೆಯ ದಿನ ಬಂತು. ಆ ಸಲವೂ ಮೂಡ್ಲಯ್ಯ ನೆಟ್ಟಗೆ ಕೂತು ಬೀಜ ಹಂಚಿದ, ಮಡಕೆ ಕಾದ, ಎಣಿಸಿದ. ಎಣ್ಣೆ ವ್ಯಾಪಾರಿ ಹತ್ತೊಂಬತ್ತು ಬೀಜಗಳಿಂದ ಗೆದ್ದಿದ್ದ. ಅದನ್ನು ಚಾವಡಿಯ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದವನೂ ಮೂಡ್ಲಯ್ಯನೇ. ಸಂಜೆ ಅಂಗಳದಲ್ಲಿ ಮೂವತ್ತೆಂಟು ಬೀಜ ಹುರಿದರು. ಕೆಂಚ ತನ್ನದನ್ನು ಬಾಯಿಗೆ ಹಾಕಿಕೊಂಡ, ಆದರೆ ನಗಲಿಲ್ಲ.

ತಿಂಗಳು ತುಂಬುವುದರೊಳಗೆ ಹೊಸ ಯಜಮಾನ ಮಾತು ನಡೆಸಿದ. ಹಗ್ಗ ಹಿಡಿಯುವ ಐವರನ್ನೂ ತೂಬಿನಿಂದ ತೆಗೆದು ಸಂತೆ ಮೈದಾನ ಗುಡಿಸಲು ಹಚ್ಚಿದ.

ಮೂಡ್ಲಯ್ಯನಿಗೆ ಸಿಟ್ಟು ನೆತ್ತಿಗೇರಿತು. ಕೂಟವನ್ನು ಕಟ್ಟಿಕೊಂಡು ಹೋಗಿ ಚಾವಡಿಯ ಮುಂದೆ ಕೂತ. ತೂಬು ಮುಚ್ಚಿತ್ತು. ಮೊದಲ ದಿನ ಜನ ಬಂದು ಸಮಾಧಾನ ಹೇಳಿದರು. ಮೂರನೆಯ ದಿನ ಗೊಣಗಿದರು. ಐದನೆಯ ದಿನ ಪೈರು ಬಾಡಿತು. ಬೈಯಲು ಶುರು ಮಾಡಿದರು. ಆರನೆಯ ದಿನ ಯಜಮಾನ ಹೊರಗೆ ಬಂದ. ಅವನು ಕೆಟ್ಟವನಲ್ಲ, ಕೂಗಾಡಲೂ ಇಲ್ಲ. ಮೂಡ್ಲಯ್ಯನ ಎದುರು ಕಟ್ಟೆಯ ಮೇಲೆ ಕೂತು ಸಮಾಧಾನದಿಂದಲೇ ಕೇಳಿದ.

"ಮೂಡ್ಲಯ್ಯ, ಇದು ನನ್ನ ಮಾತಲ್ಲ. ನಾನು ಮೊದಲೇ ಹೇಳಿದ್ದೆ, ಊರು ಕೇಳಿ ಮಡಕೆಗೆ ಬೀಜ ಹಾಕ್ತು. ಎಣಿಸಿದೋನು ನೀನೇ. ಇವತ್ತು ಬ್ಯಾಡ ಅಂತ ಕೂತಿದೀಯಲ್ಲ, ಅವತ್ತು ಬ್ಯಾಡ ಅಂದಿದ್ದು ಎಲ್ಲೈತೆ, ತೋರ್ಸು."

ಮೂಡ್ಲಯ್ಯ ಚಾವಡಿಯ ಮೂಲೆಯಲ್ಲಿ ಬೋರಲಿಟ್ಟಿದ್ದ ಎರಡು ಮಡಕೆಗಳ ಕಡೆ ನೋಡಿದ.

ಯಜಮಾನ ಬರಿಗೈಯಲ್ಲಿ ಕಳಿಸಲಿಲ್ಲ. ಏರಿಯ ಮೇಲೆ ತೂಬಿಗೊಂದು ಕಲ್ಲುಗೂಟ ನೆಡಿಸಿಕೊಟ್ಟ. ಹಗ್ಗವನ್ನು ಅದಕ್ಕೆ ಕಟ್ಟಿಕೊಳ್ಳಿ, ಗಟ್ಟಿ ಕಲ್ಲು, ಬಿಡುವುದಿಲ್ಲ ಎಂದ. ನಿಜ, ಕಲ್ಲು ಹಗ್ಗವನ್ನು ಬಿಡುವುದಿಲ್ಲ. ಆದರೆ ಎಳೆಯುವುದೂ ಇಲ್ಲ. ಕೂಟದವರು ತಲೆ ತಗ್ಗಿಸಿ ಎದ್ದುಹೋದರು.

ಮುಂದಿನ ನೀರಿನ ಕಾಲ ಬಂತು. ಮೂಡ್ಲಯ್ಯ ಹಗ್ಗದ ಒಂದು ತುದಿಯನ್ನು ಕಲ್ಲಿಗೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದುಕೊಂಡು ಮುಳುಗತೊಡಗಿದ. ಬಿರಡೆ ಕಿತ್ತ ಮೇಲೆ ತಾನೇ ಹಗ್ಗ ಹಿಡಿದು ಮೇಲಕ್ಕೆ ಹತ್ತಬೇಕು. ಹತ್ತು ಸಲ ಹಾಗೆಯೇ ಹತ್ತಿದ. ಏನೂ ಆಗಲಿಲ್ಲ. ಯಜಮಾನ ಹೇಳಿದ್ದೇ ಸರಿಯೇನೋ ಎಂದು ಊರು ಅಂದುಕೊಂಡಿತು.

ಹನ್ನೊಂದನೆಯ ಸಲ ಬಿರಡೆ ಬಿಗಿಯಾಗಿತ್ತು. ಕೀಳುವ ಹೊತ್ತಿಗೆ ಉಸಿರು ಮುಗಿಯುತ್ತ ಬಂದಿತ್ತು. ನೀರು ನುಗ್ಗಿ ಅವನ ಕಾಲು ತೂಬಿನ ಬಾಯಿಗೆ ಸಿಕ್ಕಿತು. ಮೂಡ್ಲಯ್ಯ ಹಗ್ಗವನ್ನು ಎರಡು ಸಲ ಜಗ್ಗಿದ. ನಲವತ್ತು ವರ್ಷದ ಅಭ್ಯಾಸ. ಎರಡು ಸಲ ಜಗ್ಗಿದರೆ ಎಳೆ ಎಂದು ಅರ್ಥ. ಜಗ್ಗಿದ ಮೇಲೆ ಅವನಿಗೆ ನೆನಪಾಯಿತು, ಮೇಲಿರುವುದು ಕಲ್ಲು. ಆ ತಳದಲ್ಲಿ ಅವನಿಗೆ ಬಂದಂಥ ಭಯ ಹಿಂದೆ ಯಾವತ್ತೂ ಬಂದಿರಲಿಲ್ಲ.

ಆಗ ಹಗ್ಗ ಬಿಗಿಯಿತು. ಯಾರೋ ಎಳೆದರು. ಕಾಲು ಕಿತ್ತುಬಂತು, ಮೈ ಮೇಲಕ್ಕೇರಿತು. ಏರಿಯ ಕಲ್ಲುಗಳ ಮೇಲೆ ಬೋರಲು ಬಿದ್ದು ನೀರು ಕಕ್ಕಿ, ಕಣ್ಣು ಬಿಟ್ಟು ನೋಡಿದರೆ ಕೆಂಚ. ಪಕ್ಕದಲ್ಲಿ ಕಸಬರಿಕೆ ಬಿದ್ದಿತ್ತು.

"ನೀನಿಲ್ಲಿ ಏನೋ ಮಾಡ್ತಿದ್ದೆ? ನಿನ್ನ ಕೆಲ್ಸ ಸಂತೆ ಮೈದಾನದಾಗೆ ಅಲ್ವಾ?"

"ಹೂಂ ಭಾವ. ನೀನು ಮುಳುಗೋ ಹೊತ್ತಿಗೆ ಕದ್ದು ಬರ್ತೀನಿ. ಮರದ ಹಿಂದೆ ಕೂತು ಹಗ್ಗ ಮುಟ್ಕೊಂಡಿರ್ತೀನಿ. ಅಕ್ಕಂಗೆ ಹೇಳ್ಬ್ಯಾಡ."

ಮೂಡ್ಲಯ್ಯ ಅವನ ಅಂಗೈ ಹಿಡಿದುಕೊಂಡ. ಚರ್ಮ ಕಿತ್ತು ರಕ್ತ ಬಂದಿತ್ತು. ಊರಿಗೆ ಹಿರಿಯ, ಕೂಟಕ್ಕೆ ಹಿರಿಯ, ಏರಿಯ ಮೇಲೆ ಕೂತು ಮಗುವಿನ ಹಾಗೆ ಅತ್ತ. ತಳದ ನೀರಿನ ಒತ್ತಡಕ್ಕೆ ಅವತ್ತಿನಿಂದ ಅವನ ಎಡಗಿವಿ ಕೇಳಿಸದೆ ಹೋಯಿತು.

ಅಳು ನಿಂತ ಮೇಲೆ ಮೂಡ್ಲಯ್ಯನಿಗೆ ಹೊಳೆದದ್ದು ಒಂದೇ ಮಾತು. ನನಗೇನೋ ಕೆಂಚ ಕದ್ದು ಬಂದ. ಉಳಿದ ನಾಲ್ಕು ತೂಬಿನಲ್ಲಿ ಕದ್ದು ಬರುವವರು ಯಾರು? ಐದನೆಯ ತೂಬಿನಲ್ಲಿ ನನ್ನ ಮಗಳ ಗಂಡ ಮುಳುಗುತ್ತಾನೆ. ಅವನ ಹಗ್ಗ ಹಿಡಿಯುತ್ತಿದ್ದ ನನ್ನ ಮಗನಿಗೆ ಊರಾಚೆಯ ದನದ ಸಂತೆ ಗುಡಿಸುವ ಪಾಳಿ. ಅವನು ಓಡಿಬಂದರೂ ಅರ್ಧ ಗಳಿಗೆ ಬೇಕು.

ಅದಕ್ಕೇ ಮುಂದಿನ ಕಾಲಗಳಲ್ಲಿ ಕಸ ಗುಡಿಸುವ ಐವರೂ ಸರದಿ ಹಾಕಿಕೊಂಡು ಕೆಲಸ ತಪ್ಪಿಸಿ ಬಂದರು. ಅವರು ಬಂದ ದಿನ ಮುಳುಗುವವರು ಅವರನ್ನು ನಂಬಿ ಮುಳುಗಿದರು, ಬಾರದ ದಿನ ದೇವರ ಮೇಲೆ ಭಾರ ಹಾಕಿ ಮುಳುಗಿದರು. ಕೆರೆ ಯಾರನ್ನೂ ನುಂಗಲಿಲ್ಲ. ಹಾಗೆಂದು ನುಂಗುವುದೇ ಇಲ್ಲ ಎಂದು ಬರೆದುಕೊಟ್ಟಿರಲೂ ಇಲ್ಲ. ಮೂಡ್ಲಯ್ಯನ ಮಗಳು ಗಂಡ ಕೆರೆಗೆ ಹೋದ ದಿನ ಒಲೆ ಹಚ್ಚುತ್ತಿರಲಿಲ್ಲ. ಅವನು ತಿರುಗಿ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಮೂರು ವರ್ಷ ತುಂಬಿತು. ಮತ್ತೆ ಮಡಕೆಯ ದಿನ ಹತ್ತಿರ ಬಂತು. ಅದೇ ಎಣ್ಣೆ ವ್ಯಾಪಾರಿ, ಅದೇ ಕಬ್ಬು ಬೆಳೆಗಾರ. ಮೂಡ್ಲಯ್ಯ ಹತ್ತು ಮನೆಯವರನ್ನೂ ಕೂಡಿಸಿ, "ಈ ಸಲ ಹಾಕಾಣ," ಎಂದ. ಇಬ್ಬರು ಮುದುಕರು ಒಪ್ಪಲಿಲ್ಲ. ನಮ್ಮ ಹಿರಿಯರ ಹೆಸರು ಮಣ್ಣುಪಾಲಾಗುತ್ತದೆ, ಇಷ್ಟು ದಿನ ಕಾಪಾಡಿಕೊಂಡು ಬಂದ ಮರ್ಯಾದೆ ಹೋಗುತ್ತದೆ, ಊರಿಗೆ ಏನೆಂದು ಮುಖ ತೋರಿಸುವುದು ಎಂದರು. ಮೂಡ್ಲಯ್ಯನಿಗೂ ಒಳಗೊಳಗೆ ಅದೇ ಅಳುಕು. ಆದರೆ ಕದ್ದು ಮಾಡುವ ಕೆಲಸ ಅವನಿಂದಾಗದು. ನೆಟ್ಟಗೆ ಚಾವಡಿಗೆ ಹೋದ. ಊರು ಕೂಡಿತ್ತು. ಕೈಮುಗಿದು ನಿಂತು ಹೇಳಿದ.

"ಸ್ವಾಮೀ, ಈ ಸಲ ನಮ್ಮ ಹತ್ತು ಮನೆಯೋರೂ ಬೀಜ ಹಾಕ್ತೀವಿ. ಅದಕ್ಕೆ ನಮ್ಮ ಮ್ಯಾಲೆ ನಂಬಿಕೆ ಹೋಯ್ತು ಅನ್ನೋದಾದ್ರೆ ಮಡಕೆ ಬೇರೆಯೋರು ಕಾಯ್ಲಿ. ಬೈಯೋದಾದ್ರೆ ಬೈರಿ."

ಊರು ಅವನ ಮುಖವನ್ನೇ ನೋಡಿತು. ಯಾರಿಗೂ ಏನೂ ಅರ್ಥವಾದಂತೆ ಕಾಣಲಿಲ್ಲ. ಮುಂದೆ ಕೂತಿದ್ದ ಸೊಪ್ಪು ಮಾರುವ ಮುದುಕಿಯೊಬ್ಬಳು ಕೊನೆಗೆ ಬಾಯಿ ಬಿಟ್ಟಳು.

"ಅಯ್ಯೋ ಶಿವನೆ! ಇಷ್ಟು ದಿನ ನೀವು ಹಾಕ್ತಾನೇ ಇರ್ಲಿಲ್ವಾ?"

"ಇಲ್ಲ ಕಣವ್ವ. ಮೂರು ತಲೆಯಿಂದ ಹಾಕಿಲ್ಲ."

"ಹೋದ್ಸಲಾನೂ ಹಾಕಿಲ್ವಾ? ಹಾಕಿರ್ತಾರೆ ಅಂತ್ಲೇ ನಾವೆಲ್ಲ ಅಂದ್ಕೊಂಡಿದ್ವಲ್ಲಪ್ಪ! ನೀರೊಳಗೆ ಇಳಿಯೋರೇ ತೆಪ್ಪಗವ್ರೆ, ಹಾಗಾರೆ ಹಗ್ಗದೋನು ಬ್ಯಾಡೇನೋ ಅಂತ ನಾನೂ ಎಣ್ಣೆಯೋನ ಮಡಕೆಗೇ ಹಾಕ್ದೆ."

ಹೌದು ಹೌದು, ನಾವೂ ಹಾಗೇ ಅಂದುಕೊಂಡೆವು ಎಂದು ಅಲ್ಲೊಬ್ಬ ಇಲ್ಲೊಬ್ಬ ಹೇಳಿದರು.

ಮೂಡ್ಲಯ್ಯ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ; ಇದಕ್ಕೆ ಸಿದ್ಧನಾಗಿರಲಿಲ್ಲ. ಮೂರು ತಲೆಮಾರು ಬಿಟ್ಟುಕೊಟ್ಟದ್ದನ್ನು ಊರಿನಲ್ಲಿ ಒಬ್ಬರೂ ಗಮನಿಸಿಯೇ ಇರಲಿಲ್ಲ. ಊರು ಅವರನ್ನು ನಂಬಿದ್ದು ಬೀಜ ಹಾಕದ್ದಕ್ಕಲ್ಲ, ನೀರು ಸರಿಯಾಗಿ ಬಿಟ್ಟದ್ದಕ್ಕೆ. ಇವರು ತೆಪ್ಪಗಿದ್ದದ್ದರಿಂದ ಊರಿಗೆ ತಿಳಿದದ್ದು ಒಂದೇ, ಇವರಿಗೆ ಹಗ್ಗ ಬೇಕಿಲ್ಲ ಎಂದು. ಅವನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮಡಕೆ ಕಾಯುವ ಕೆಲಸವನ್ನು ಊರು ಅವರ ಕೈಯಿಂದ ತೆಗೆಯಲಿಲ್ಲ. ಬೇರೆಯವರು ಕಾಯಲಿ ಎಂದದ್ದಕ್ಕೆ ಸೊಪ್ಪಿನ ಮುದುಕಿ ಅವನನ್ನು ಬೈದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ನೀರುಗಂಟಿಗಳ ಬೀದಿಗೆ ಕಬ್ಬು ಬೆಳೆಗಾರ ಬಂದ. ಹೆಚ್ಚು ಮಾತಾಡದ ಆ ಮನುಷ್ಯ ತಾನಾಗಿ ಬಂದು, ಹಗ್ಗ ಹೇಗೆ ಹಿಡಿಯುತ್ತೀರಿ ತೋರಿಸಿ ಎಂದ. ಅವನು ಹೋದ ಮೇಲೆ ಎಣ್ಣೆ ವ್ಯಾಪಾರಿಯೂ ಬಂದ. ಯಜಮಾನನಾಗಿ ಮೂರು ವರ್ಷ ಕಳೆದಿದ್ದ. ಆ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು. ಬೀದಿಯ ತುದಿಯಲ್ಲಿ ದಾರಿ ತಪ್ಪಿ ಯಾರದೋ ಹಿತ್ತಲಿಗೆ ಹೋಗಿ, ನಾಯಿಯಿಂದ ಅಟ್ಟಿಸಿಕೊಂಡು, ಕೊನೆಗೆ ಮೂಡ್ಲಯ್ಯನ ಅಂಗಳ ಸೇರಿದ. ಕೆಂಚನ ಅಂಗೈಯ ಗಾಯದ ಗುರುತನ್ನು ನೋಡಿದ. ಮೂಡ್ಲಯ್ಯನ ಎಡಗಿವಿಯ ವಿಚಾರ ಕೇಳಿದ.

"ಇದನ್ನ ನನಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ವಲ್ಲ ಯಜಮಾನ್ರೇ, ಆರು ದಿನ ಚಾವಡಿ ಮುಂದೆ ಕೂತು."

"ಆಗ ಎಲ್ಲಾ ಮುಗಿದಿತ್ತಲ್ಲೋ ಮಾರಾಯ. ಅದಕ್ಕಿಂತ ಮೊದ್ಲು."

ಇಬ್ಬರೂ ಬೇರೆ ಬೇರೆಯಾಗಿ ಚಾವಡಿಯಲ್ಲಿ ನಿಂತು ಊರ ಎದುರು ಮಾತು ಕೊಟ್ಟರು, ತೂಬಿಗೆ ಮತ್ತೆ ಇಬ್ಬರು ಎಂದು.

ಮಡಕೆಯ ದಿನ ಐವರು ಕಾವಲು ಕೂತರು, ಐವರು ಪರದೆಯ ಹಿಂದೆ ಹೋದರು. ಆಮೇಲೆ ಇವರು ಎದ್ದು ಅವರು ಕೂತರು. ಕೆಲಸ ಒಂದು ಗಳಿಗೆಯೂ ನಿಲ್ಲಲಿಲ್ಲ. ಮೂಡ್ಲಯ್ಯ ಪರದೆಯ ಹಿಂದೆ ಹೋದ. ಐವತ್ತೆಂಟು ವರ್ಷದವನು, ಮೊದಲ ಸಲ. ಎರಡು ಮಡಕೆಗಳ ನಡುವೆ ಒಂದಿಷ್ಟು ಹೊತ್ತು ನಿಂತ. ಬೀಜ ಹಾಕಿದ. ಟಕ್ಕೆಂದು ಸದ್ದಾಯಿತು. ಮನಸ್ಸಿಗೆ ಹಾಯೆನಿಸಿತು. ಹೊರಗೆ ಬಂದು ಮತ್ತೆ ತನ್ನ ಜಾಗದಲ್ಲಿ ಕೂತು ಮುಂದಿನವರಿಗೆ ಬೀಜ ಹಂಚಿದ.

ಎಣಿಸಿದಾಗ ಎಣ್ಣೆ ವ್ಯಾಪಾರಿಯೇ ಆರು ಬೀಜಗಳಿಂದ ಗೆದ್ದಿದ್ದ. ಮೂಡ್ಲಯ್ಯ ಅದನ್ನೂ ಕಟ್ಟೆಯ ಮೇಲೆ ನಿಂತು ಕೂಗಿ ಹೇಳಿದ. ಅನುಮಾನ ಬಂದು ಮತ್ತೊಮ್ಮೆ ಎಣಿಸಿ ಎಂದವರು ಒಬ್ಬರೂ ಇರಲಿಲ್ಲ.

ಎಂಟೇ ದಿನದಲ್ಲಿ ಯಜಮಾನ ಐವರನ್ನೂ ತೂಬಿಗೆ ಕರೆಸಿದ. ದೊಡ್ಡ ಮನಸ್ಸಿನಿಂದ ಕರೆಸಿದನೋ, ಮೂರು ವರ್ಷಕ್ಕೆ ಮತ್ತೆ ಮಡಕೆ ಬರುತ್ತದೆ, ಈ ಬೀದಿಯ ಮೂವತ್ತೆಂಟು ಬೀಜವೂ ಬರುತ್ತದೆ ಎಂದು ಕರೆಸಿದನೋ, ಮೂಡ್ಲಯ್ಯ ವಿಚಾರಿಸಲು ಹೋಗಲಿಲ್ಲ. ಹಗ್ಗಕ್ಕೆ ಕೈ ಬಂದಿತ್ತು. ಅವನ ಮಗಳು ಹೊತ್ತಿಗೆ ಸರಿಯಾಗಿ ಒಲೆ ಹಚ್ಚಿದಳು.

ಆ ಕಾಲದ ಮೊದಲ ನೀರಿನ ಸರದಿ ಎಣ್ಣೆ ವ್ಯಾಪಾರಿಯ ಗದ್ದೆಯದು, ಎರಡನೆಯದು ಕಬ್ಬು ಬೆಳೆಗಾರನದು. ಮೂಡ್ಲಯ್ಯ ಅವರಲ್ಲಿ ಯಾರಿಗೆ ಬೀಜ ಹಾಕಿದ್ದನೋ ಅವನಿಗೇ ಗೊತ್ತು, ಹೆಂಡತಿಗೂ ಹೇಳಲಿಲ್ಲ. ನೀರು ಮಾತ್ರ ಇಬ್ಬರ ಗದ್ದೆಗೂ ಊರು ಗೊತ್ತುಮಾಡಿದಷ್ಟೇ ಗಳಿಗೆ ಹರಿಯಿತು.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ ತಲೆ ಕೆರೆದುಕೊಂಡ. ಸಂಘದ ಕಾರ್ಯದರ್ಶಿ ಅಲ್ಲವೇ, ಅಷ್ಟು ಸುಲಭವಾಗಿ ಸೋಲನ್ನು ಒಪ್ಪುವವನಲ್ಲ.

"ಕತೆ ಚೆನ್ನಾಗೈತೆ ಬುದ್ಧಿ. ಆದ್ರೆ ಅದು ಒಂದು ಊರು, ಅವ್ರು ಮೂವತ್ತೆಂಟು ಜನ. ಇದು ಇಡೀ ರಾಜ್ಯ. ಅಷ್ಟು ಲಕ್ಷ ಓಟಿನಾಗೆ ನಾನೊಬ್ಬ ಹಾಕಿದ್ರೆ ಎಷ್ಟು, ಬಿಟ್ರೆ ಎಷ್ಟು? ನಾನು ಒಬ್ಬನೇ ಅಲ್ವಾ?"

ಗುರುಗಳು ಅವನ ಮುಖ ನೋಡಿ ಕೇಳಿದರು:

"ನೀನು ಕಂಬ ಹತ್ತಿದಾಗ ಕೆಳಗೆ ನಿಂತು ಕಾಯೋನೂ ಒಬ್ಬನೇ ಅಲ್ವೇನಪ್ಪ?"

ತಿಪ್ಪೇಶ ಎದ್ದು ಕೈಮುಗಿದು, ಅಂಚೆ ಓಟಿನ ಫಾರಂ ಕೇಳಲು ಆಫೀಸಿನ ದಾರಿ ಹಿಡಿದ.